ಮೈಯ ಕೊಬ್ಬು, ಮಾತಿನ ಕೊಬ್ಬು

ಮನುಷ್ಯನಿಗೂ ಅವನ ದೇಹಕ್ಕೂ ಇರುವ ಸಂಬಂಧವು ವಿಲಕ್ಷಣವಾದುದು. ದೇಹವನ್ನು ಅವನು 'ನನ್ನದು' ಎನ್ನುತ್ತಾನೆ. ಅಷ್ಟೇ ಸಹಜವಾಗಿ 'ನಾನು' ಎಂದೂ ಎನ್ನುತ್ತಾನೆ. ಕಾಲು ನೊಂದಾಗ 'ನನ್ನ ಕಾಲು ನೋಯುತ್ತಿದೆ' ಎಂದು ಹೇಳುವವನೇ, ಯಾರಾದರೂ ಆ ಕಾಲನ್ನು ಕಂಡು ನಕ್ಕರೆ 'ನನ್ನನ್ನು ಕಂಡು ನಕ್ಕರು' ಎಂದು ಹೇಳುತ್ತಾನೆ. ನೋವಿನಲ್ಲಿ ದೇಹವು ಅವನ ಸ್ವತ್ತು. ಅವಮಾನದಲ್ಲಿ ದೇಹವೇ ಅವನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಚಾರವನ್ನು ಓದಬೇಕೆಂದು ಸದ್ಭಕ್ತರಲ್ಲಿ ಕೋರುತ್ತೇವೆ.

ಕೆಲವು ತಿಂಗಳುಗಳ ಹಿಂದೆ, ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಈಗ ದೂರದ ನಗರವೊಂದರಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಸಕುಟುಂಬರಾಗಿ ದರ್ಶನಕ್ಕೆ ಬಂದಿದ್ದರು. ಕುಶಲ ಸಂಭಾಷಣೆ ಮುಗಿದರೂ ಅವರು ಏಳಲಿಲ್ಲ. ಏನೋ ಹೇಳಬೇಕೆಂದಿದ್ದರು, ಹೇಳಲಾರದೆ ಕುಳಿತಿದ್ದರು. ಕೊನೆಗೆ ಇಪ್ಪತ್ತನಾಲ್ಕು ವರ್ಷದ ಅವರ ಮಗಳೇ ಬಾಯಿಬಿಟ್ಟಳು. ಎರಡು ಸಂಬಂಧಗಳು ಬಂದು ಹಿಂದೆ ಹೋಗಿದ್ದವು. 'ಹುಡುಗಿ ಸ್ವಲ್ಪ ದಪ್ಪ' ಎಂಬುದೇ ಎರಡೂ ಕಡೆಯವರು ಕಳುಹಿಸಿದ ಕಾರಣ. ಈಗ ಹೊಟ್ಟೆ ಮತ್ತು ತೊಡೆಗಳ ಕೊಬ್ಬನ್ನು ಯಂತ್ರದಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಎಂಬ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳುವ ಆಲೋಚನೆ ಮನೆಯಲ್ಲಿ ನಡೆದಿದೆ. 'ಬುದ್ಧಿ, ಖರ್ಚು ಎಷ್ಟಾಗುತ್ತದೆ ಎಂದು ಅಪ್ಪ ಕೇಳುತ್ತಾರೆ. ಅಪಾಯ ಎಷ್ಟಿದೆ ಎಂದು ಅಮ್ಮ ಕೇಳುತ್ತಾರೆ. ಇದು ಸರಿಯೋ ತಪ್ಪೋ ಎಂದು ನಾನು ಕೇಳುತ್ತೇನೆ. ಯಾರಿಗೂ ಉತ್ತರ ಸಿಕ್ಕಿಲ್ಲ' ಎಂದಳು.

ಆ ದಿನ ನಾವೂ ಉತ್ತರ ಕೊಡಲಿಲ್ಲ; ಕೊಡಲಾಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ. ಸ್ವಲ್ಪ ಕಾಲಾವಕಾಶ ಬೇಡಿ, ಓದಿ, ಬಲ್ಲ ವೈದ್ಯರೊಡನೆ ಚರ್ಚಿಸಿ, ಅವಳಿಗೆ ಪತ್ರ ಬರೆದೆವು. ಇಂಥದೇ ಪ್ರಶ್ನೆಯು ಇಂದು ಅನೇಕ ಮನೆಗಳ ಒಳಕೋಣೆಗಳಲ್ಲಿ ಇರುವುದರಿಂದ, ಆ ಕುಟುಂಬದ ಅನುಮತಿ ಪಡೆದು, ಪತ್ರದ ಸಾರವನ್ನು ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ವಸ್ತುಸ್ಥಿತಿ. ಚರ್ಮದಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಟೊಳ್ಳಾದ ಕೊಳವೆಯನ್ನು ಒಳತೂರಿಸಿ, ಚರ್ಮದ ಅಡಿಯಲ್ಲಿರುವ ಕೊಬ್ಬನ್ನು ಸಡಿಲಿಸಿ ಹೀರುವುದೇ ಈ ಕ್ರಿಯೆ. ಇದರ ಚರಿತ್ರೆಯು ಒಂದು ದುರಂತದಿಂದ ಆರಂಭವಾಗುತ್ತದೆ. ೧೯೨೦ರ ದಶಕದಲ್ಲಿ ಫ್ರಾನ್ಸಿನ ಡುಜಾರಿಯೆ ಎಂಬ ಶಸ್ತ್ರವೈದ್ಯನು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಯತ್ನಿಸಿದನು. ರಕ್ತನಾಳಕ್ಕೆ ಪೆಟ್ಟು ಬಿದ್ದು, ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಕುಣಿಯುವ ಕಾಲಿಗೆ ಇನ್ನಷ್ಟು ಸೊಬಗನ್ನು ಬಯಸಿ ಹೋದವಳು ಕಾಲನ್ನೇ ಬಿಟ್ಟು ಬಂದಳು. ಅನಂತರ ಅರ್ಧ ಶತಮಾನ ಕಳೆದು, ೧೯೭೦ರ ದಶಕದ ನಡುವೆ, ರೋಮಿನಲ್ಲಿ ಫಿಷರ್ ಎಂಬ ತಂದೆಮಕ್ಕಳಿಬ್ಬರು ಹೀರುವ ಕೊಳವೆಯ ಉಪಕರಣವನ್ನು ರೂಪಿಸಿದರು. ೧೯೭೭ರಲ್ಲಿ ಪ್ಯಾರಿಸ್ಸಿನ ಇಲೂಜ಼್ ಎಂಬ ವೈದ್ಯರು ಮೊಂಡು ತುದಿಯ ಕೊಳವೆಯನ್ನು ಬಳಸಿ, ನರ ಮತ್ತು ರಕ್ತನಾಳಗಳಿಗೆ ಆಗುವ ಪೆಟ್ಟನ್ನು ಕಡಮೆ ಮಾಡಿದರು. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಅವರು ಉಪ್ಪುನೀರಿನಲ್ಲಿ ಮರವಿನ ಔಷಧವನ್ನೂ ರಕ್ತನಾಳಗಳನ್ನು ಸಂಕುಚಿಸುವ ಔಷಧವನ್ನೂ ಬಹು ತೆಳುವಾಗಿ ಬೆರೆಸಿ, ಕೊಬ್ಬಿನ ಪದರವು ಉಬ್ಬುವಷ್ಟು ತುಂಬಿ, ಅನಂತರ ಹೀರುವ ವಿಧಾನವನ್ನು ೧೯೮೭ರಲ್ಲಿ ಪ್ರಕಟಿಸಿದರು. ಇದರಿಂದ ರಕ್ತಸ್ರಾವವು ಬಹಳ ಇಳಿಯಿತು. ಅಂದಿನಿಂದ ಈ ಶಸ್ತ್ರಕ್ರಿಯೆಯು ಜಗತ್ತಿನಲ್ಲೆಲ್ಲ ಹರಡಿತು. ಸೌಂದರ್ಯ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘದ ಲೆಕ್ಕದಂತೆ ೨೦೨೨ರ ಒಂದೇ ವರ್ಷದಲ್ಲಿ ಸುಮಾರು ೨೩ ಲಕ್ಷ ಲೈಪೊಸಕ್ಷನ್‌ಗಳು ನಡೆದವು. ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ನಡೆದ ಸೌಂದರ್ಯ ಶಸ್ತ್ರಕ್ರಿಯೆ ಇದೇ.

ಇನ್ನು ತಂದೆಯ ಪ್ರಶ್ನೆ: ಖರ್ಚು ಎಷ್ಟು? ಜಾಹೀರಾತಿನಲ್ಲಿ ಕಾಣುವ ಮೊತ್ತವು ಸಾಮಾನ್ಯವಾಗಿ ದೇಹದ ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಹೊಟ್ಟೆಗೆ ಒಂದು ದರ, ತೊಡೆಗೆ ಇನ್ನೊಂದು, ತೋಳಿಗೆ ಮತ್ತೊಂದು. ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘವು ೨೦೨೦ರ ಸರಾಸರಿಯನ್ನು ೩,೬೩೭ ಡಾಲರ್ ಎಂದು ಹೇಳಿ, ಕೂಡಲೇ ಒಂದು ಎಚ್ಚರಿಕೆಯನ್ನು ಸೇರಿಸಿತ್ತು: ಇದು ಶಸ್ತ್ರವೈದ್ಯರ ಸಂಭಾವನೆ ಮಾತ್ರ, ಅರಿವಳಿಕೆ, ಶಸ್ತ್ರಕ್ರಿಯಾ ಕೊಠಡಿ, ಪರೀಕ್ಷೆಗಳು, ಔಷಧಗಳು, ಅನಂತರ ತೊಡಬೇಕಾದ ಬಿಗಿಯುಡುಪು ಇವೆಲ್ಲ ಬೇರೆ. ನಮ್ಮಲ್ಲಿಯೂ ಮಾತು ಇದೇ. ಆದುದರಿಂದ ತಂದೆಯಾದವರು ಕೇಳಬೇಕಾದ ಪ್ರಶ್ನೆ 'ಎಷ್ಟು?' ಎಂಬುದಲ್ಲ, 'ಈ ಮೊತ್ತದಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ, ತೊಡಕುಂಟಾದರೆ ಆಸ್ಪತ್ರೆಯ ವೆಚ್ಚ ಯಾರದು, ಮೈ ಏರುಪೇರಾಗಿ ಎರಡನೆಯ ಸಲ ತಿದ್ದಬೇಕಾದರೆ ಅದರ ವೆಚ್ಚ ಯಾರದು?' ಎಂಬುದು. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಕೆಲವು ವಾರಗಳ ಬಿಗಿಯುಡುಪು, ತಿಂಗಳುಗಟ್ಟಲೆ ಇಳಿಯದ ಊತ, ಕಳೆದುಕೊಂಡ ಕೆಲಸದ ದಿನಗಳು, ಶುಶ್ರೂಷೆಗೆ ಮನೆಯಲ್ಲಿ ಉಳಿಯುವ ತಾಯಿಯ ಶ್ರಮ ಇವು ಯಾವ ರಸೀದಿಯಲ್ಲಿಯೂ ಕಾಣಿಸುವುದಿಲ್ಲ. ಕಂತಿನ ಸಾಲದಲ್ಲಿ ಮಾಡಿಸಿಕೊಂಡರೆ, ಕೊಬ್ಬು ಹೋದ ಮೇಲೂ ಬಡ್ಡಿ ಉಳಿಯುತ್ತದೆ.

ನಮ್ಮ ದೇಶದ ತೆರಿಗೆಯ ಕಾನೂನೂ ಇಲ್ಲಿ ಒಂದು ಗೆರೆಯನ್ನು ಎಳೆದಿದೆ. ೨೦೧೭ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ರೋಗಿಯ ಚಿಕಿತ್ಸೆಗೆ ವಿನಾಯಿತಿಯುಂಟು. ಆದರೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಆ ವಿನಾಯಿತಿಯಿಲ್ಲ, ಶೇಕಡಾ ೧೮ರ ತೆರಿಗೆಯುಂಟು. ಹುಟ್ಟಿನಿಂದ ಬಂದ ವಿಕಲತೆ, ಬೆಳವಣಿಗೆಯ ದೋಷ, ಅಪಘಾತದ ಗಾಯ ಇವುಗಳಿಂದ ಕೆಟ್ಟ ಅಂಗವನ್ನು ಮರಳಿ ಸರಿಪಡಿಸುವುದಾದರೆ ಮತ್ತೆ ವಿನಾಯಿತಿ. ಆರೋಗ್ಯ ವಿಮೆಯ ನಿಯಮವೂ ಬಹುಮಟ್ಟಿಗೆ ಇದೇ ಗೆರೆಯನ್ನು ಅನುಸರಿಸುತ್ತದೆ. ಅಂದರೆ ಕಳೆದುಹೋದುದನ್ನು ಮರಳಿ ಕೊಡುವುದು ಚಿಕಿತ್ಸೆ. ಇದ್ದುದನ್ನು ಇನ್ನಷ್ಟು ಚೆಲುವಾಗಿಸುವುದು ಅಲಂಕಾರ.

ಈ ಗೆರೆಯು ಹೊಸದಲ್ಲ. ಸುಶ್ರುತ ಸಂಹಿತೆಯು ಕತ್ತರಿಸಲ್ಪಟ್ಟ ಮೂಗನ್ನೂ ಹರಿದ ಕಿವಿಯನ್ನೂ ಮರಳಿ ರಚಿಸುವ ಕ್ರಮವನ್ನು ಹೇಳಿದೆ. ಬ್ರಿಟಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ೧೭೯೨ರ ಮೈಸೂರು ಯುದ್ಧದಲ್ಲಿ ಟೀಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡಿದ್ದನು. ಪುಣೆಯ ಕಡೆಯ ದೇಶೀಯ ಕುಶಲಿಯೊಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಯೂರೋಪಿನ ವೈದ್ಯರ ಕಣ್ಣು ತೆರೆಸಿತು. ಸಮಾಜವು ಕಿತ್ತುಕೊಂಡ ಮುಖವನ್ನು ವೈದ್ಯನು ಮರಳಿ ಕೊಟ್ಟನು. ಇಂದಿನ ಪ್ಲಾಸ್ಟಿಕ್ ಶಸ್ತ್ರವಿದ್ಯೆಗೆ ಇಂಥ ಕರುಣೆಯೇ ಮೂಲ ಎಂಬುದನ್ನು ಮರೆಯಲಾಗದು.

ಆದರೆ ಕಾನೂನಿನ ಗೆರೆಯೇ ಧರ್ಮದ ಗೆರೆಯಲ್ಲ. ಲಿಪಿಡೀಮಾ ಎಂಬ ವ್ಯಾಧಿಯಲ್ಲಿ, ಹೆಚ್ಚಾಗಿ ಸ್ತ್ರೀಯರ ಕಾಲುತೋಳುಗಳಲ್ಲಿ, ನೋವಿನಿಂದ ಕೂಡಿದ ಕೊಬ್ಬು ಬೆಳೆಯುತ್ತದೆ. ಉಪವಾಸಕ್ಕೂ ವ್ಯಾಯಾಮಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಜರ್ಮನಿಯಲ್ಲಿ ೨೦೨೦ರಿಂದ ಈ ರೋಗದ ತೀವ್ರ ಹಂತದಲ್ಲಿರುವವರ ಲೈಪೊಸಕ್ಷನ್ ವೆಚ್ಚವನ್ನು ಸಾರ್ವಜನಿಕ ವಿಮೆಯೇ ಭರಿಸತೊಡಗಿತು. ಒಂದೇ ಕೊಳವೆ, ಒಂದೇ ಕ್ರಿಯೆ. ಒಬ್ಬಳಿಗೆ ಅದು ನಡೆಯುವ ಶಕ್ತಿಯನ್ನು ಕೊಡುತ್ತದೆ. ಇನ್ನೊಬ್ಬಳಿಗೆ ಸೊಂಟದ ಅಳತೆಯನ್ನು ಬದಲಿಸುತ್ತದೆ. ಆದಕಾರಣ ಶಸ್ತ್ರವನ್ನು ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಸಾರಾಸಗಟಾಗಿ ತೀರ್ಮಾನಿಸುವುದು ಅವಿವೇಕ.

ಈಗ ತಾಯಿಯ ಪ್ರಶ್ನೆ: ಅಪಾಯ ಎಷ್ಟು? ಅಮೆರಿಕದಲ್ಲಿ ೧೯೯೪ರಿಂದ ೧೯೯೮ರವರೆಗೆ ನಡೆದ ೪,೯೬,೨೪೫ ಲೈಪೊಸಕ್ಷನ್‌ಗಳ ಬಗ್ಗೆ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನೇ ವಿಚಾರಿಸಿ ಸಂಗ್ರಹಿಸಿದ ವರದಿಯು ೨೦೦೦ದಲ್ಲಿ ಪ್ರಕಟವಾಯಿತು. ಅದರಲ್ಲಿ ೯೫ ಸಾವುಗಳು ದಾಖಲಾಗಿದ್ದವು. ಸುಮಾರು ಐದು ಸಾವಿರಕ್ಕೆ ಒಂದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಹೋಗಿ ತಡೆಯೊಡ್ಡಿದ್ದೇ ಅವುಗಳಲ್ಲಿ ಮುಖ್ಯ ಕಾರಣ. ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಪೂರ್ಣ ಅರಿವಳಿಕೆಯಿಲ್ಲದೆ, ಕ್ಲೈನ್ ವಿಧಾನದಿಂದ ಭಾಗವನ್ನಷ್ಟೇ ಮರಗಟ್ಟಿಸಿ ಮಾಡಿದ ೧೫,೩೩೬ ಜನರ ಲೆಕ್ಕವು ೧೯೯೫ರಲ್ಲಿ ಪ್ರಕಟವಾದಾಗ ಅದರಲ್ಲಿ ಒಂದು ಸಾವೂ ಇರಲಿಲ್ಲ. ಈ ಎರಡು ಲೆಕ್ಕಗಳನ್ನು ಜೊತೆಗಿಟ್ಟು ನೋಡಿದರೆ, ಅಪಾಯವು ಶಸ್ತ್ರದಲ್ಲಿ ಮಾತ್ರವಿಲ್ಲ, ಪ್ರಮಾಣದಲ್ಲಿಯೂ ಇದೆ ಎಂದು ತಿಳಿಯುತ್ತದೆ: ಎಷ್ಟು ಹೀರಿದರು, ಒಂದೇ ದಿನ ಎಷ್ಟು ಶಸ್ತ್ರಕ್ರಿಯೆಗಳನ್ನು ಕೂಡಿಸಿದರು, ಯಾರು ಮಾಡಿದರು, ಎಲ್ಲಿ ಮಾಡಿದರು. ಐದು ಲೀಟರಿಗಿಂತ ಹೆಚ್ಚು ಹೀರಿದರೆ ಅದನ್ನು ದೊಡ್ಡ ಪ್ರಮಾಣದ ಶಸ್ತ್ರಕ್ರಿಯೆಯೆಂದು ಪರಿಗಣಿಸಿ, ರಾತ್ರಿಯಿಡೀ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕೆಂಬುದು ವೈದ್ಯರ ಸಾಮಾನ್ಯ ಮತ.

ಐದು ಸಾವಿರಕ್ಕೆ ಒಂದು ಎಂದರೆ ಕಡಮೆಯಲ್ಲವೆ ಎಂದು ಕೇಳಬಹುದು. ರೋಗಿಯಾದವನು ಸಾವಿನಿಂದ ಪಾರಾಗಲು ಈ ಅಪಾಯವನ್ನು ಎದುರಿಸಿದರೆ ಅದು ಕಡಮೆಯೇ. ಆದರೆ ಇಲ್ಲಿ ಮೇಜಿನ ಮೇಲೆ ಮಲಗುವವಳು ಆರೋಗ್ಯವಂತೆ. ಅವಳು ಮಲಗದಿದ್ದರೆ ಆ ಅಪಾಯವೇ ಇಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ೨೧ ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಹೋಗಿ ಮರಳಿ ಬರಲಿಲ್ಲವೆಂಬುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ಮಾತು ಅರ್ಥವಾದೀತು. ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿದ್ದ ಡೊಂಡಾ ವೆಸ್ಟ್ ಎಂಬವರು ೨೦೦೭ರಲ್ಲಿ ಲೈಪೊಸಕ್ಷನ್ ಸೇರಿದಂತೆ ಹಲವು ಶಸ್ತ್ರಕ್ರಿಯೆಗಳಾದ ಮರುದಿನ ತೀರಿಕೊಂಡರು. ಅವರ ಹೆಸರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ೨೦೦೯ರಲ್ಲಿ, ಸೌಂದರ್ಯ ಶಸ್ತ್ರಕ್ರಿಯೆಗೆ ಮೊದಲು ದೇಹಪರೀಕ್ಷೆ ಕಡ್ಡಾಯವೆಂಬ ಕಾನೂನನ್ನು ಮಾಡಿತು. ನಮ್ಮ ರಾಜ್ಯದಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವಿದೆ. ಚಿಕಿತ್ಸಾಲಯವು ಅದರಡಿ ನೋಂದಾಯಿತವೆ, ವೈದ್ಯರು ಪ್ಲಾಸ್ಟಿಕ್ ಶಸ್ತ್ರವಿದ್ಯೆಯಲ್ಲಿ ಪದವಿ ಪಡೆದವರೆ, ಅರಿವಳಿಕೆಯ ತಜ್ಞರು ಆದ್ಯಂತ ಇರುವರೆ, ತುರ್ತು ಚಿಕಿತ್ಸೆಯ ಘಟಕ ಎಷ್ಟು ದೂರದಲ್ಲಿದೆ ಎಂದು ಕೇಳಲು ಸಂಕೋಚಪಡಬಾರದು. ಸೀರೆ ಕೊಳ್ಳುವಾಗ ಹತ್ತು ಅಂಗಡಿ ಸುತ್ತುವ ನಾವು, ಮೈಯನ್ನು ಒಪ್ಪಿಸುವಾಗ ಮೊದಲ ಅಂಗಡಿಯಲ್ಲಿಯೇ ನಿಲ್ಲುವುದು ಸರಿಯಲ್ಲ.

ಅಪಾಯಕ್ಕೆ ಎದುರಾಗಿ ಲಾಭವೆಷ್ಟು ಎಂಬುದನ್ನೂ ತೂಗಬೇಕು. ದೇಹದ ಕೊಬ್ಬು ಎರಡು ಕಡೆ ಇರುತ್ತದೆ: ಚರ್ಮದ ಕೆಳಗೆ ಒಂದು, ಹೊಟ್ಟೆಯ ಒಳಗೆ ಕರುಳು ಮತ್ತು ಯಕೃತ್ತುಗಳ ಸುತ್ತ ಇನ್ನೊಂದು. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹೆಚ್ಚಿನ ನಂಟಿರುವುದು ಎರಡನೆಯದಕ್ಕೆ. ಕೊಳವೆಯು ಹೀರುವುದು ಮೊದಲನೆಯದನ್ನು ಮಾತ್ರ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ೧೫ ಸ್ಥೂಲದೇಹಿ ಸ್ತ್ರೀಯರಿಂದ ಸರಾಸರಿ ೯–೧೦ ಕಿಲೋಗ್ರಾಂ ಕೊಬ್ಬನ್ನು ಹೀರಿ ತೆಗೆದು, ಎರಡು ಮೂರು ತಿಂಗಳ ಅನಂತರ ಪರೀಕ್ಷಿಸಿದಾಗ, ರಕ್ತದೊತ್ತಡದಲ್ಲಾಗಲಿ ಇನ್ಸುಲಿನ್ನಿನ ಪರಿಣಾಮದಲ್ಲಾಗಲಿ ಸುಧಾರಣೆ ಕಾಣಲಿಲ್ಲವೆಂದು ೨೦೦೪ರ ಪ್ರಬಂಧವು ತಿಳಿಸಿತು. ಅಷ್ಟೇ ಕೊಬ್ಬನ್ನು ಮಿತಾಹಾರದಿಂದ ಕರಗಿಸಿದ್ದರೆ ಸುಧಾರಣೆ ಕಾಣುತ್ತಿತ್ತು. ತಕ್ಕಡಿಯ ಮುಳ್ಳು ಎರಡರಲ್ಲಿಯೂ ಒಂದೇ. ದೇಹವು ಮಾತ್ರ ಎರಡನ್ನೂ ಒಂದೇ ಎಂದು ಒಪ್ಪಲಿಲ್ಲ.

ದೇಹಕ್ಕೆ ತನ್ನದೇ ಲೆಕ್ಕಪತ್ರವುಂಟು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀರಿ ತೆಗೆದ ಕೊಬ್ಬು ಒಂದು ವರ್ಷದೊಳಗೆ ಮರಳಿ ಬಂದಿತ್ತು. ತೊಡೆಯ ಭಾಗವು ತೆಳುವಾಗಿಯೇ ಉಳಿದಿತ್ತು. ಆದರೆ ಹೊಸ ಕೊಬ್ಬು ಹೊಟ್ಟೆಯ ಕಡೆಗೆ ಸರಿದಿತ್ತು. ಬ್ರೆಜಿಲ್ಲಿನ ಸಾವೊ ಪೌಲೊ ನಗರದಲ್ಲಿ ೩೬ ಸ್ತ್ರೀಯರ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಇದಕ್ಕಿಂತ ಮುಖ್ಯವಾದುದು. ಹೊಟ್ಟೆಯ ಕೊಬ್ಬನ್ನು ತೆಗೆಸಿಕೊಂಡ ಅವರಲ್ಲಿ ಅರ್ಧದಷ್ಟು ಮಂದಿ ನಿಯಮಿತವಾಗಿ ವ್ಯಾಯಾಮ ಮಾಡಿದರು, ಉಳಿದವರು ಮಾಡಲಿಲ್ಲ. ಆರು ತಿಂಗಳಲ್ಲಿ ವ್ಯಾಯಾಮ ಮಾಡದವರ ಒಳಗೊಬ್ಬು, ಅಂದರೆ ಅಪಾಯಕಾರಿಯಾದ ಕೊಬ್ಬು, ಮೊದಲಿಗಿಂತ ಶೇಕಡಾ ೧೦ರಷ್ಟು ಹೆಚ್ಚಿತ್ತು. ವ್ಯಾಯಾಮ ಮಾಡಿದವರಲ್ಲಿ ಹೆಚ್ಚಿರಲಿಲ್ಲ. ಹೊರಗಿನಿಂದ ಕಿತ್ತುದನ್ನು ದೇಹವು ಒಳಗೆ ತುಂಬಿಕೊಂಡಿತು. ಶ್ರಮವೊಂದೇ ಅದನ್ನು ತಡೆಯಿತು. ಮೈಮುರಿದು ಮಾಡುವ ಕಾಯಕಕ್ಕೆ ನಮ್ಮ ಶರಣರು ಕೊಟ್ಟ ಸ್ಥಾನವನ್ನು ನೆನೆಯುವ ಭಕ್ತರಿಗೆ ಇದು ಆಶ್ಚರ್ಯದ ಮಾತಾಗಲಾರದು.

ಈಗ ಮಗಳ ಪ್ರಶ್ನೆ. ಇದು ಸರಿಯೋ, ತಪ್ಪೋ? ಶಾಸ್ತ್ರಕ್ರಮದಂತೆ ಪೂರ್ವಪಕ್ಷಗಳನ್ನು ಮೊದಲು ನೋಡೋಣ.

ದೇಹವು ದೈವದತ್ತವಾದುದು, ಅದನ್ನು ತಿದ್ದುವುದು ಅಪಚಾರ ಎಂಬುದು ಮೊದಲನೆಯ ಪಕ್ಷ. ಇದು ನಿಲ್ಲುವ ವಾದವಲ್ಲ. ಕಣ್ಣಿಗೆ ಕನ್ನಡಕ ಹಾಕುತ್ತೇವೆ, ಉದುರಿದ ಹಲ್ಲಿಗೆ ಕಟ್ಟುಹಲ್ಲು ಕಟ್ಟಿಸುತ್ತೇವೆ, ಕೂಸಿನ ಕಿವಿ ಚುಚ್ಚಿಸುತ್ತೇವೆ. ಇವನ್ನೆಲ್ಲ ಒಪ್ಪಿದವರು ಒಂದು ಕೊಳವೆಯ ಮುಂದೆ ಮಾತ್ರ ದೈವವನ್ನು ನೆನೆಯುವುದು ಪ್ರಾಮಾಣಿಕತೆಯಲ್ಲ.

ಮೈ ನನ್ನದು, ಹಣ ನನ್ನದು, ಉಳಿದವರಿಗೇನು ಎಂಬುದು ಎರಡನೆಯ ಪಕ್ಷ. ಇದರಲ್ಲಿ ಅರ್ಧ ಸತ್ಯವಿದೆ. ಪ್ರಾಪ್ತವಯಸ್ಕಳಾದ ಹೆಣ್ಣುಮಗಳ ಮೈಯ ಬಗ್ಗೆ ಕೊನೆಯ ಮಾತು ಅವಳದೇ ಆಗಬೇಕು. ತಂದೆಯದಲ್ಲ, ವರನದಲ್ಲ, ಸ್ವಾಮಿಗಳದೂ ಅಲ್ಲ. ಆದರೆ ಮೈ ನನ್ನದಾದ ಮಾತ್ರಕ್ಕೆ ಆಸೆಯೂ ನನ್ನದೇ ಎಂದು ಹೇಳಲು ಬರುವುದಿಲ್ಲ. ಆ ಆಸೆಯನ್ನು ನನ್ನೊಳಗೆ ನೆಟ್ಟವರು ಯಾರು? ಲೋಕದ ಕಣ್ಣಿಗೆ ಹಿತವಾಗಿ ಕಾಣಬೇಕೆಂಬುದು ದೋಷವೇನಲ್ಲ. ಅತಿಥಿ ಬಂದಾಗ ಒಗೆದ ಬಟ್ಟೆ ಉಡುವುದೂ ಲೋಕದ ಕಣ್ಣಿಗಾಗಿಯೇ. ಆದರೆ ಗೌರವದಿಂದ ಅಲಂಕರಿಸಿಕೊಳ್ಳುವುದು ಬೇರೆ, ಭಯದಿಂದ ಕೊಯ್ಯಿಸಿಕೊಳ್ಳುವುದು ಬೇರೆ. ಮೊದಲನೆಯದನ್ನು ಮಾಡಿದವನು ಹಗುರಾಗುತ್ತಾನೆ. ಎರಡನೆಯದನ್ನು ಮಾಡಿದವನು ಎಷ್ಟು ಕೊಬ್ಬು ತೆಗೆಸಿದರೂ ಹಗುರಾಗುವುದಿಲ್ಲ. ಏಕೆಂದರೆ ಭಯವು ಚರ್ಮದ ಕೆಳಗೆ ಇರುವುದಿಲ್ಲ.

ಮೂರನೆಯ ಪಕ್ಷವು ನಮ್ಮಂಥವರ ಬಾಯಲ್ಲಿ ಹೆಚ್ಚಾಗಿ ಬರುವಂಥದು: ದಪ್ಪವಾಗುವುದು ಜಿಹ್ವಾಚಾಪಲ್ಯದ ಫಲ; ನಾಲಗೆಯನ್ನು ಕಟ್ಟಿದರೆ ಸಾಕು, ಶಸ್ತ್ರವೇಕೆ? ಕೇಳಲು ಇದು ಹಿತೋಪದೇಶದಂತಿದೆ. ಆದರೆ ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವನ್ನು ತೆರೆದು ನೋಡಿ. ಲೋಕವು ನಿಂದಿಸುವ ಎಂಟು ಬಗೆಯ ದೇಹಗಳನ್ನು ಅದು ಹೆಸರಿಸುತ್ತದೆ: ಅತಿ ಎತ್ತರ, ಅತಿ ಗಿಡ್ಡ, ಅತಿ ರೋಮ, ರೋಮವಿಲ್ಲದಿರುವುದು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಸ್ಥೌಲ್ಯಕ್ಕೆ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ರೆ ಮುಂತಾದ ಕಾರಣಗಳನ್ನು ಹೇಳಿ, ಅವುಗಳ ಜೊತೆಗೇ ಬೀಜಸ್ವಭಾವವನ್ನೂ ಸೇರಿಸುತ್ತದೆ. ತಾಯಿತಂದೆಗಳಿಂದ ಬಂದ ದೇಹಪ್ರಕೃತಿಯನ್ನು ಆ ಪ್ರಾಚೀನರು ಅಂದೇ ಕಂಡಿದ್ದರು. ಆಧುನಿಕ ವಿಜ್ಞಾನವೂ ಅದನ್ನೇ ಹೇಳುತ್ತಿದೆ. ಕೊಬ್ಬಿನ ಕೋಶಗಳೇ ಸ್ರವಿಸಿ ಹಸಿವಿನ ಬಗ್ಗೆ ಮೆದುಳಿಗೆ ಸುದ್ದಿ ಕಳುಹಿಸುವ ಲೆಪ್ಟಿನ್ ಎಂಬ ಹಾರ್ಮೋನು ೧೯೯೪ರಲ್ಲಿ ಗೊತ್ತಾಯಿತು. ವಯಸ್ಕರ ದೇಹದಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆಯು ಬಹುಮಟ್ಟಿಗೆ ಸ್ಥಿರ, ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಸತ್ತರೆ ಅಷ್ಟೇ ಹೊಸದಾಗಿ ಹುಟ್ಟುತ್ತವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ೨೦೦೮ರಲ್ಲಿ ತೋರಿಸಿದರು. ಒಬ್ಬನ ಸ್ಥೂಲತೆಯಲ್ಲಿ ನಾಲಗೆಯ ಪಾಲು ಎಷ್ಟು, ಹುಟ್ಟಿನ ಪಾಲು ಎಷ್ಟು ಎಂದು ಹೊರಗೆ ನಿಂತು ನೋಡುವವನಿಗೆ ತಿಳಿಯುವುದಿಲ್ಲ. ತಿಳಿಯದುದನ್ನು ತಿಳಿದವನಂತೆ ನಿಂದಿಸುವುದು ಉಪದೇಶವಲ್ಲ, ಅಹಂಕಾರ.

ಈ ಮೂರನೆಯ ಪಕ್ಷವನ್ನು ನಾವು ಖಂಡಿಸುತ್ತಿರುವುದು ಅನ್ಯರ ಮೇಲಿನ ಆಕ್ಷೇಪವಾಗಿ ಅಲ್ಲ. ಅಂದು ಆ ಹುಡುಗಿಗೆ ಉತ್ತರ ಕೊಡಲಾಗದೆ ಸುಮ್ಮನಾದ ಕಾರಣವನ್ನು ಈಗ ಹೇಳಬೇಕು.

ಬಹಳ ವರ್ಷಗಳ ಹಿಂದೆ, ವಿದ್ಯಾಭ್ಯಾಸ ಮುಗಿಸಿ ಬಂದ ಹೊಸದರಲ್ಲಿ, ಪ್ರಸಾದನಿಲಯದ ಮೇಲ್ವಿಚಾರಣೆಯು ನಮ್ಮ ಪಾಲಿಗೆ ಬಂದಿತ್ತು. ಒಂದು ದಿನ ಮಧ್ಯಾಹ್ನ ಪಂಕ್ತಿಯಲ್ಲಿ ದಪ್ಪನೆಯ ಮೈಕಟ್ಟಿನ ಹುಡುಗನೊಬ್ಬನು ಎರಡನೆಯ ಸಲ ಅನ್ನಕ್ಕೆ ತಟ್ಟೆ ಒಡ್ಡಿದನು. 'ಮಠದ ಕಣಜವನ್ನು ಬೇರೆಲ್ಲೂ ಹುಡುಕಬೇಡಿ, ಇಲ್ಲೇ ಕುಳಿತಿದೆ' ಎಂದು ನಾವು ಅಂದೆವು. ಪಂಕ್ತಿಯೆಲ್ಲ ನಕ್ಕಿತು. ಹುಡುಗನೂ ನಕ್ಕನು. ಹಾಸ್ಯವಾಡಿದೆವೆಂಬ ಸಂತೋಷದಲ್ಲಿ ನಾವು ಮುಂದೆ ನಡೆದೆವು. ಆ ದಿನದಿಂದ ಅವನಿಗೆ 'ಕಣಜ' ಎಂಬ ಹೆಸರು ಅಂಟಿತು. ಅವನು ಪಂಕ್ತಿಯ ಕೊನೆಗೆ ಕೂರತೊಡಗಿದನು, ಒಂದು ಸಲ ಬಡಿಸಿದ ಮೇಲೆ ಕೈ ಅಡ್ಡ ಹಿಡಿಯತೊಡಗಿದನು. ಕೆಲವು ವಾರಗಳ ಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲಿಯೇ ಬಿದ್ದನು. ಪರೀಕ್ಷಿಸಿದ ವೈದ್ಯರು, 'ರೋಗವೇನೂ ಇಲ್ಲ, ಹುಡುಗ ಊಟ ಮಾಡುತ್ತಿಲ್ಲ' ಎಂದರು. ದಾಸೋಹದ ಮನೆಯಲ್ಲಿ, ನಾವೇ ನೋಡಿಕೊಳ್ಳುತ್ತಿದ್ದ ಪಂಕ್ತಿಯಲ್ಲಿ, ಹುಡುಗನೊಬ್ಬ ಹಸಿದು ಬಿದ್ದಿದ್ದನು.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಅವರು ಬಂದಿದ್ದರು. ಈಗ ಕೂದಲು ನರೆತಿದೆ, ಒಳ್ಳೆಯ ಹುದ್ದೆಯಲ್ಲಿದ್ದಾರೆ. ಸಹಪಾಠಿಗಳು ದೂರದಿಂದಲೇ 'ಏನೋ ಕಣಜ' ಎಂದು ಕೂಗಿದರು. ಅವರು ನಕ್ಕರು. ಅಂದು ಪಂಕ್ತಿಯಲ್ಲಿ ನಕ್ಕಿದ್ದ ನಗೆಯೇ ಅದು ಎಂಬುದನ್ನು ಗುರುತಿಸಲು ನಮಗೆ ಮೂವತ್ತು ವರ್ಷ ಬೇಕಾಯಿತು. ಆ ದಿನ ಅವರನ್ನು ಬದಿಗೆ ಕರೆದು, ತಪ್ಪಾಯಿತೆಂದು ಹೇಳಿದೆವು. 'ಬಿಡಿ ಬುದ್ಧಿ, ಮರೆತುಬಿಟ್ಟಿದ್ದೆ' ಎಂದರು. ಮರೆತವರ ಕಣ್ಣು ಹಾಗೆ ತುಂಬಿಕೊಳ್ಳುವುದಿಲ್ಲ.

ಕನ್ನಡದಲ್ಲಿ ಕೊಬ್ಬು ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಮೈಯಲ್ಲಿ ಬೆಳೆಯುವ ಮೇದಸ್ಸು, ಇನ್ನೊಂದು ಸೊಕ್ಕು. ಮೊದಲನೆಯದನ್ನು ಹೊತ್ತವನು ಅದರ ಭಾರವನ್ನು ತಾನೇ ಹೊರುತ್ತಾನೆ. ಎರಡನೆಯದರ ಭಾರವನ್ನು ಹೊರುವವರು ಬೇರೆಯವರು. ಆ ಹುಡುಗಿಯು ತೆರಲು ಹೊರಟಿರುವ ಬೆಲೆಯನ್ನು ಕೂಡಿ ನೋಡಿದರೆ, ಅದರಲ್ಲಿ ವೈದ್ಯರ ಸಂಭಾವನೆಯಿದೆ, ಆಸ್ಪತ್ರೆಯ ಬಾಡಿಗೆಯಿದೆ, ಸರ್ಕಾರದ ತೆರಿಗೆಯಿದೆ, ಪ್ರಾಣದ ಮೇಲಿನ ಪಣವಿದೆ. ಇಷ್ಟೆಲ್ಲವನ್ನೂ ತೆರುವವಳು ಅವಳು. ಸಾಲ ಮಾಡಿದವರು ಮಾತ್ರ ಬೇರೆ. ಶಾಲೆಯಲ್ಲಿ ಅಡ್ಡಹೆಸರಿಟ್ಟ ಗೆಳತಿಯರು, ಮದುವೆಮನೆಯಲ್ಲಿ 'ಇನ್ನೂ ದಪ್ಪವಾಗಿದ್ದೀಯಲ್ಲೆ' ಎಂದ ಬಂಧುಗಳು, ಉಪ್ಪಿಟ್ಟು ತಿಂದು ಕೈತೊಳೆದು ಹೋಗಿ ಕಾರಣ ಬರೆದು ಕಳುಹಿಸಿದ ಬೀಗರಾಗಬೇಕಿದ್ದವರು, ಪಂಕ್ತಿಯಲ್ಲಿ ಹಾಸ್ಯವಾಡಿದ ಸ್ವಾಮಿಗಳು ಇವರೆಲ್ಲರ ಮಾತಿನ ಕೊಬ್ಬನ್ನು ಅವಳು ತನ್ನ ಮೈಯಿಂದ ತೆಗೆಸಲು ಹೊರಟಿದ್ದಾಳೆ. ಅನ್ಯಾಯವಿರುವುದು ಇಲ್ಲಿ. ಶಸ್ತ್ರಕ್ರಿಯೆಯು ತಪ್ಪೋ ಸರಿಯೋ ಎಂದು ಅವಳನ್ನು ಕೇಳುವ ಮೊದಲು, ಅವಳು ಆ ಮೇಜಿನವರೆಗೆ ನಡೆದುಹೋಗುವಂತೆ ಮಾಡಿದವರು ನಾವಲ್ಲವೆ ಎಂದು ನಮ್ಮನ್ನು ಕೇಳಿಕೊಳ್ಳಬೇಕು.

ಆದುದರಿಂದ ಸಿದ್ಧಾಂತವು ಎರಡು ಭಾಗವಾಗಿದೆ. ಮೊದಲನೆಯದು ಅವಳಿಗೆ. ಮಗಳೇ, ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದು ಪಾಪವಲ್ಲ. ಮಾಡಿಸಿಕೊಳ್ಳದಿರುವುದು ಪುಣ್ಯವೂ ಅಲ್ಲ. ಆರೋಗ್ಯಕ್ಕಾಗಿ ಎಂದು ಹೋಗುವುದಾದರೆ, ಅದು ಆರೋಗ್ಯವನ್ನು ಕೊಡುವುದಿಲ್ಲವೆಂದು ತಿಳಿದುಕೊ. ತೂಕ ಇಳಿಸಲು ಎಂದು ಹೋಗುವುದಾದರೆ, ಅದು ಆಕಾರವನ್ನು ತಿದ್ದುವ ಕ್ರಿಯೆಯೇ ಹೊರತು ತೂಕ ಇಳಿಸುವ ಉಪಾಯವಲ್ಲವೆಂದು ತಿಳಿದುಕೊ. ಮದುವೆಗಾಗಿ ಎಂದು ಹೋಗುವುದಾದರೆ, ಒಂದು ಮಾತನ್ನು ಯೋಚಿಸು: ಕೊಳವೆಯಿಂದ ಹೀರಿದ ಮೇಲೆ ಒಪ್ಪಿದವನು, ಹೆರಿಗೆಯ ಮೇಲೆ ಏನೆನ್ನುವನು? ಐವತ್ತರ ವಯಸ್ಸಿನಲ್ಲಿ ಏನೆನ್ನುವನು? ಷರತ್ತಿನ ಮೇಲೆ ಬಂದ ಒಪ್ಪಿಗೆಯು 'ಇಲ್ಲ' ಎಂಬುದಕ್ಕಿಂತ ಹೆಚ್ಚು ದುಬಾರಿಯಾದುದು. ಇವೆಲ್ಲವನ್ನೂ ತೂಗಿದ ಮೇಲೆ, ಯಾರ ಭಯಕ್ಕೂ ಅಲ್ಲದೆ, ನಿನ್ನ ಮನಸ್ಸಿನ ನೆಮ್ಮದಿಗಾಗಿಯೇ ಬೇಕೆನಿಸಿದರೆ, ಬಲ್ಲ ವೈದ್ಯರನ್ನು ಹುಡುಕು, ಮನೆಯವರಿಗೆ ತಿಳಿಸಿಯೇ ಹೋಗು, ಅನಂತರ ನಡೆಯುವುದನ್ನೂ ದುಡಿಯುವುದನ್ನೂ ಬಿಡಬೇಡ. ಬೇಡವೆನಿಸಿದರೆ, ಇದ್ದಂತೆಯೇ ತಲೆಯೆತ್ತಿ ಮಠಕ್ಕೆ ಬಾ. ಎರಡರಲ್ಲಿ ಯಾವುದಾದರೂ ನಮ್ಮ ಆಶೀರ್ವಾದದಲ್ಲಿ ಭೇದವಿಲ್ಲ.

ಎರಡನೆಯದು ನಮಗೆ. ಹೆಣ್ಣು ನೋಡಲು ಹೋಗುವ ಹಿರಿಯರಿಗೆ, ತರಗತಿಯಲ್ಲಿ ಪಾಠ ಹೇಳುವವರಿಗೆ, ಪಂಕ್ತಿಯಲ್ಲಿ ಬಡಿಸುವವರಿಗೆ. ಎದುರಿಗೆ ಬಂದವರ ಮೈಯನ್ನು ಕಂಡೊಡನೆ ನಾಲಗೆಯ ತುದಿಗೆ ಬರುವ ಒಂದು ಮಾತನ್ನು ನುಂಗಿಕೊಳ್ಳುವುದಕ್ಕೆ ಅರಿವಳಿಕೆ ಬೇಕಿಲ್ಲ, ಹಣ ಬೇಕಿಲ್ಲ, ಅದರಲ್ಲಿ ಅಪಾಯವಿಲ್ಲ. ಈ ಕೊಬ್ಬನ್ನು ತೆಗೆಯಲು ಬೇರೆ ವೈದ್ಯನಿಲ್ಲ, ಅವರವರೇ ತೆಗೆದುಕೊಳ್ಳಬೇಕು.

ಆ ಹುಡುಗಿಯು ಏನು ನಿರ್ಧರಿಸಿದಳೆಂದು ಓದುಗರು ಕೇಳಬಹುದು. ಅವಳು ನಮಗೆ ಬರೆದಿದ್ದಾಳೆ. ಆದರೆ ಆ ನಿರ್ಧಾರವು ಅವಳದು, ಅವಳ ಮೈಯಂತೆಯೇ. ಅದನ್ನು ಇಲ್ಲಿ ಅಚ್ಚುಮಾಡಿ ಹತ್ತು ಜನರ ಮಾತಿಗೆ ಒಡ್ಡುವುದು ಉಚಿತವಲ್ಲ.